ಚಿನ್ನದ ಸಹವಾಸದೋಷ

ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ನಮ್ಮ ಲ್ಯಾಬಿನಲ್ಲಿ ಒಂದು ಥರ್ಮಾಮೀಟರು ಒಡೆಯಿತು. ಒಡೆದವನು ನಾನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೇಜಿನ ಮೇಲೆ ಓಡಾಡುತ್ತಿದ್ದ ಪಾದರಸದ ಗುಂಡುಗಳನ್ನು ಗೆಳೆಯನೊಬ್ಬ ಬೆರಳಿನಿಂದ ತಳ್ಳಿ ತಳ್ಳಿ ಒಂದುಗೂಡಿಸುತ್ತಿದ್ದ. ಆಟ ಮುಗಿಯುವ ಹೊತ್ತಿಗೆ ಅವನ ಉಂಗುರದ ಅರ್ಧಭಾಗ ಬೆಳ್ಳಗಾಗಿತ್ತು. ಅಕ್ಕನ ಮದುವೆಯಲ್ಲಿ ಭಾವ ಹಾಕಿದ್ದ ಉಂಗುರ. ಕರವಸ್ತ್ರದಲ್ಲಿ ಉಜ್ಜಿದ, ಸೋಪಿನಲ್ಲಿ ತೊಳೆದ, ಕೊನೆಗೆ ಗೋಡೆಗೂ ತಿಕ್ಕಿದ. ಬಿಳಿ ಹೋಗಲಿಲ್ಲ. ಅಟೆಂಡರ್ ಬಂದು ನೋಡಿ, "ಬೆಳ್ಳಿ ಆಯ್ತಲ್ಲಪ್ಪ, ಬಿಡು" ಎಂದು ಹೇಳಿ ಹೋದರು.

ಸಂಜೆ ಇಬ್ಬರೂ ಅಕ್ಕಸಾಲಿಗರ ಅಂಗಡಿಗೆ ಹೋದೆವು. ಆಚಾರ್ರು ಉಂಗುರವನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ, ಚಿಮಟದಲ್ಲಿ ಹಿಡಿದು ಒಂದು ಸಲ ತಿರುಗಿಸಿ, "ಕಾಲೇಜು ಹುಡುಗ್ರಾ? ಪಾದರಸ ಮುಟ್ಟಿದೀರಿ" ಎಂದರು. ಅಗ್ಗಿಷ್ಟಿಕೆಯನ್ನು ಹೊರಗೆ ಜಗುಲಿಗೆ ತಂದಿಟ್ಟುಕೊಂಡರು. ನಮ್ಮನ್ನು ಗಾಳಿ ಬೀಸುವ ದಿಕ್ಕಿನಿಂದ ಆಚೆ ನಿಲ್ಲಿಸಿದರು. ಊದುಗೊಳವೆಯಿಂದ ಇದ್ದಿಲಿಗೆ ಉಸಿರು ಕೊಟ್ಟು ಉಂಗುರ ಕಾಯಿಸಿದರು. ಬಿಳಿ ಬಣ್ಣ ಮೊದಲು ಮಂಕಾಯಿತು, ಆಮೇಲೆ ಮಾಯವಾಯಿತು, ಉಂಗುರ ಕಪ್ಪಿಟ್ಟಿತು. ಅದನ್ನು ಹುಣಸೆಹುಳಿ ನೀರಿನಲ್ಲಿ ಕುದಿಸಿ, ಬ್ರಷ್ಷಿನಿಂದ ಉಜ್ಜಿ ಕೊಟ್ಟಾಗ ಹಳದಿ ಮರಳಿತ್ತು. ಆದರೆ ಬಿಳಿಯಾಗಿದ್ದ ಜಾಗ ಸಿಡುಬಿನ ಕಲೆಯ ಮುಖದಂತೆ ತರಿತರಿಯಾಗಿತ್ತು. "ಇದಿಷ್ಟು ಹಾಗೇ ಇರುತ್ತೆ. ಪಾದರಸ ಬರುವಾಗ ಸುಮ್ಮನೆ ಬಂತು, ಹೋಗುವಾಗ ಸುಮ್ಮನೆ ಹೋಗಲ್ಲ" ಎಂದರು ಆಚಾರ್ರು.

ಮರುದಿನ ನಿರವಯವ ರಸಾಯನಶಾಸ್ತ್ರದ ತರಗತಿಯಲ್ಲಿ ಪಾಠ ಮಾಡಿದ್ದು ಶ್ರೇಷ್ಠ ಲೋಹಗಳನ್ನು. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಗಾಳಿ ನೀರುಗಳಿಗೆ ಅದು ಜಗ್ಗುವುದಿಲ್ಲ, ಆಮ್ಲಗಳಲ್ಲಿ ಕರಗುವುದಿಲ್ಲ, ಅದು ಜಡ. ಎಲ್ಲ ಬರೆದುಕೊಂಡೆವು. ಗೆಳೆಯ ಮಾತ್ರ ಉಂಗುರದ ತರಿ ಸವರುತ್ತ ಕುಳಿತಿದ್ದ.

ಆ ಪಾಠದ ಬಗ್ಗೆ ನನಗಿರುವ ತಕರಾರು ಅಂದಿನಿಂದ ಬೆಳೆಯುತ್ತಲೇ ಬಂದಿದೆ. ಚಿನ್ನ ಜಡವಾಗಿದ್ದರೆ ಮನುಷ್ಯನ ಕೈಗೆ ಬರುತ್ತಿದ್ದುದು ಹೊಳೆಮರಳಿನಲ್ಲಿ ಹೊಳೆಯುವ ನಾಲ್ಕು ಕಾಳು ಮಾತ್ರ. ಮಿಕ್ಕದ್ದೆಲ್ಲ ನಮಗೆ ದಕ್ಕಿದ್ದು ಅದು ಯಾರದೋ ಸಹವಾಸಕ್ಕೆ ಬಿದ್ದದ್ದರಿಂದ. ನಮ್ಮ ಮನೆಯ ಸರ, ಬಳೆ, ತಾಳಿಯ ಚಿನ್ನದಲ್ಲಿ ಹೆಚ್ಚಿನ ಪಾಲು ಒಂದಲ್ಲ ಒಂದು ಹಂತದಲ್ಲಿ ಬಣ್ಣವಿಲ್ಲದ ನೀರಾಗಿ ಕರಗಿ ಹೋಗಿದ್ದುದೇ.

ಪಾದರಸ ಈ ಸಹವಾಸಗಳಲ್ಲಿ ಬಹಳ ಹಳೆಯದು. ಚಿನ್ನದ ಪುಡಿ ಬೆರೆತ ಮಣ್ಣಿಗೆ ಪಾದರಸ ಸುರಿದು ಕಲೆಸಿದರೆ ಅದು ಮಣ್ಣನ್ನು ಬಿಟ್ಟು ಚಿನ್ನವನ್ನಷ್ಟೇ ಒಳಗೆಳೆದುಕೊಳ್ಳುತ್ತದೆ. ಬೆಣ್ಣೆಯಂಥ ಆ ಮುದ್ದೆಯನ್ನು ಬಟ್ಟೆಯಲ್ಲಿ ಹಿಂಡಿ ಕಾಯಿಸಿದರೆ 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನ ತಳದಲ್ಲಿ ಉಳಿಯುತ್ತದೆ. ನಮ್ಮ ಆಚಾರ್ರು ಜಗುಲಿಯ ಮೇಲೆ ಮಾಡಿದ್ದು ಇದನ್ನೇ. ಇದೇ ಮುದ್ದೆಯನ್ನು ತಾಮ್ರದ ಕಲಶಕ್ಕೆ ಸವರಿ ಕಾಯಿಸಿದರೆ ಅದು ಚಿನ್ನದ ಲೇಪ. ಕಾಯಿಸುವವನ ಶ್ವಾಸಕೋಶಕ್ಕೆ ಏನಾಗುತ್ತಿತ್ತು ಎಂಬುದನ್ನು ಕಲಶ ನೋಡಿ ಕೈಮುಗಿದವರು ಕೇಳಲಿಲ್ಲ. ಇಂದಿಗೂ ಜಗತ್ತಿನಲ್ಲಿ ಮನುಷ್ಯರು ವಾತಾವರಣಕ್ಕೆ ಬಿಡುವ ಪಾದರಸದ ಅತಿ ದೊಡ್ಡ ಪಾಲು ಬರುವುದು ಅಮೆಜಾನ್, ಆಫ್ರಿಕಾ, ಆಗ್ನೇಯ ಏಷ್ಯಾಗಳ ಸಣ್ಣಪುಟ್ಟ ಚಿನ್ನದ ಗಣಿಗಾರರ ಇಂಥ ಒಲೆಗಳಿಂದಲೇ.

ಕನ್ನಡದಲ್ಲಿ 'ಜಲಗಾರ' ಎಂಬ ಮಾತಿದೆ. ಈಗ ನಾವು ಅದನ್ನು ಕಸ ಗುಡಿಸುವವನು ಎಂಬ ಅರ್ಥಕ್ಕೆ ನಿಲ್ಲಿಸಿಬಿಟ್ಟಿದ್ದೇವೆ. ಆದರೆ ಮಣ್ಣು, ಮರಳು, ಬೂದಿಯನ್ನು ತೊಳೆದು ಚಿನ್ನದ ಕಣ ಹೆಕ್ಕುವವನೂ ಜಲಗಾರನೇ. ಅಕ್ಕಸಾಲಿಗರ ಅಂಗಡಿ ಸಾಲಿನಲ್ಲಿ ಬೆಳಗಿನ ಜಾವ ಬಂದು ಗುಡಿಸಿ, ಚರಂಡಿಯ ಕೆಸರನ್ನೂ ಬಾಚಿ ಒಯ್ಯುವವರನ್ನು ನೋಡಿದರೆ ಎರಡು ಅರ್ಥಗಳೂ ಒಂದೇ ಮೈಯಲ್ಲಿ ಹೇಗೆ ಕೂಡಿಕೊಂಡವು ಎಂಬುದು ತಿಳಿಯುತ್ತದೆ.

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಬಂಡೆಯನ್ನು ಕಟ್ಟಿಗೆಯ ಬೆಂಕಿಯಲ್ಲಿ ಕಾಯಿಸಿ, ನೀರೆರಚಿ, ಸೀಳಿ ಆಳಕ್ಕೆ ಇಳಿದಿದ್ದರು. ಹಳೆಯ ಗಣಿಗಳಲ್ಲಿ ಸಿಕ್ಕ ಕಟ್ಟಿಗೆಯ ವಯಸ್ಸು ಅದನ್ನು ಹೇಳುತ್ತದೆ. ಅಲ್ಲಿಗೆ ಸಮೀಪದ ಮಸ್ಕಿಯಲ್ಲಿ 1915ರಲ್ಲಿ ಚಿನ್ನ ಹುಡುಕುತ್ತ ಹೊರಟ ಬೀಡನ್ ಎಂಬ ಎಂಜಿನಿಯರಿಗೆ ಸಿಕ್ಕಿದ್ದು ಚಿನ್ನವಲ್ಲ, ಅಶೋಕನ ಹೆಸರು ಕೊರೆದಿದ್ದ ಬಂಡೆ. ಇತಿಹಾಸದ ಪುಸ್ತಕಕ್ಕೆ ಅದೇ ಚಿನ್ನ. ಹಟ್ಟಿಯ ಆ ಹಳೆಯ ಗಣಿಗಾರರಿಗೆ ಕಣ್ಣಿಗೆ ಕಾಣುವ, ತೊಳೆದರೆ ತಳಕ್ಕಿಳಿಯುವ ಚಿನ್ನ ಮಾತ್ರ ಚಿನ್ನ. ಕಲ್ಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಹರಡಿಕೊಂಡದ್ದು ಅವರ ಪಾಲಿಗೆ ಇಲ್ಲದ್ದೇ.

ಆ 'ಇಲ್ಲದ್ದನ್ನು' ತೆಗೆಯುವ ಉಪಾಯ ಹೊಳೆದದ್ದು ಗಣಿ ಊರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ. 1887ರಲ್ಲಿ ಜಾನ್ ಸ್ಟೂವರ್ಟ್ ಮ್ಯಾಕಾರ್ಥರ್ ಎಂಬ ರಸಾಯನತಜ್ಞ, ಫಾರೆಸ್ಟ್ ಎಂಬ ಅಡ್ಡಹೆಸರಿನ ಇಬ್ಬರು ವೈದ್ಯ ಸಹೋದರರ ಜೊತೆ ಸೇರಿ, ಸೈನೈಡ್ ನೀರಿನಲ್ಲಿ ಅದಿರನ್ನು ನೆನೆಸಿ ಚಿನ್ನ ಕರಗಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ಸೈನೈಡು ಚಿನ್ನವನ್ನು ಕರಗಿಸುತ್ತದೆ ಎಂಬುದು ಹೊಸ ಸುದ್ದಿಯೇನಲ್ಲ. 1840ರಲ್ಲೇ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ನರು ಸೈನೈಡಿನಲ್ಲಿ ಕರಗಿದ ಚಿನ್ನವನ್ನು ವಿದ್ಯುತ್ತಿನಿಂದ ಅಗ್ಗದ ಲೋಹದ ಮೇಲೆ ಕೂರಿಸುವ ಪೇಟೆಂಟು ಮಾಡಿಸಿಕೊಂಡಿದ್ದರು. ನಮ್ಮೂರ ಜಾತ್ರೆಯ ಗಿಲೀಟು ಒಡವೆಗಳ ವಂಶ ಅಲ್ಲಿಂದ ಶುರು. ಮ್ಯಾಕಾರ್ಥರನ ಜಾಣ್ಮೆ ಇದ್ದದ್ದು ಅದನ್ನು ಕಲ್ಲಿನ ರಾಶಿಗೆ, ಅದೂ ತೀರಾ ತೆಳ್ಳಗಿನ ದ್ರಾವಣದಲ್ಲಿ, ಹಚ್ಚಿದ್ದರಲ್ಲಿ. ಲೀಟರಿಗೆ ಅರ್ಧ ಗ್ರಾಮಿನ ಆಸುಪಾಸು ಸೈನೈಡ್ ಸಾಕು. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ‍್ಯಾಂಡ್ ಗಣಿಗಳು ಆ ಹೊತ್ತಿಗೆ ಮೇಲ್ಪದರದ ಸುಲಭದ ಅದಿರು ಮುಗಿಸಿ, ಗಂಧಕ ಬೆರೆತ ಗಟ್ಟಿ ಅದಿರಿಗೆ ತಾಗಿ ಕಂಗಾಲಾಗಿದ್ದವು. ಅಲ್ಲಿ ಪಾದರಸ ಕೈಕೊಟ್ಟಿತ್ತು. ಸೈನೈಡು ಅವುಗಳನ್ನು ಎತ್ತಿ ನಿಲ್ಲಿಸಿತು.

ಕೋಲಾರಕ್ಕೂ ಅದು ಬರಲು ತಡವಾಗಲಿಲ್ಲ. ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟದ್ದು 1880ರಲ್ಲಿ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ವಿದ್ಯುತ್ತು ಬಂತು. ಕಲ್ಲು ಕುಟ್ಟುವ ಯಂತ್ರಗಳು ಹಗಲಿರುಳು ಬಡಿಯುತ್ತಿದ್ದವು. ಪುಡಿಯಾದ ಕಲ್ಲು ನೀರಿನೊಡನೆ ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿಯುತ್ತಿತ್ತು. ದಪ್ಪ ಕಣಗಳು ಅಲ್ಲಿ ಅಂಟಿಕೊಂಡವು. ತಪ್ಪಿಸಿಕೊಂಡು ಹೋದ ಸಣ್ಣ ಕಣಗಳು ಹೊರಗೆ ರಾಶಿ ಬೀಳುತ್ತಿದ್ದ ಮರಳಿನಲ್ಲಿ ಉಳಿದುಬಿಟ್ಟಿದ್ದವು. 19ನೇ ಶತಮಾನ ಮುಗಿಯುವ ಹೊತ್ತಿಗೆ ಆ ಮರಳನ್ನೂ ದೊಡ್ಡ ತೊಟ್ಟಿಗಳಲ್ಲಿ ತುಂಬಿ ಸೈನೈಡ್ ನೀರು ಹಾಯಿಸುವ ಕೆಲಸ ಶುರುವಾಗಿತ್ತು. ಹಳೆಯ ಕಸ ಹೊಸ ಗಣಿಯಾಯಿತು.

ತೊಟ್ಟಿಯೊಳಗೆ ನಡೆಯುವುದು ಏನು? ಇಲ್ಲಿ ಸ್ವಲ್ಪ ನಿಧಾನಿಸಬೇಕು. ಆಧುನಿಕ ನಿರವಯವ ರಸಾಯನಶಾಸ್ತ್ರದ ಜೀವ ಇರುವುದು ಇಲ್ಲೇ.

ಜಾತ್ರೆಯ ಜೇಬುಗಳ್ಳರನ್ನು ನೆನಪಿಸಿಕೊಳ್ಳಿ. ಅವರು ಒಬ್ಬೊಬ್ಬರೇ ಬರುವುದಿಲ್ಲ. ಒಬ್ಬ ಪರ್ಸು ಎಗರಿಸುತ್ತಾನೆ, ಆ ಕ್ಷಣವೇ ಅದನ್ನು ಇನ್ನೊಬ್ಬನ ಕೈಗೆ ದಾಟಿಸುತ್ತಾನೆ. ಮೊದಲಿನವನನ್ನು ಹಿಡಿದು ತಡಕಿದರೆ ಏನೂ ಸಿಗದು. ಚಿನ್ನದ ಪರಮಾಣು ತನ್ನ ಹೊರಗಿನ ಎಲೆಕ್ಟ್ರಾನನ್ನು ಮುಷ್ಟಿಯಲ್ಲಿ ಬಿಗಿದಿಟ್ಟುಕೊಂಡಿರುತ್ತದೆ. ಗಾಳಿಯ ಆಮ್ಲಜನಕ ಅದನ್ನು ಕಸಿಯಲು ನೋಡುತ್ತದೆ, ಆದರೆ ಆಮ್ಲಜನಕ ಒಂಟಿ ಕಳ್ಳ. ಕಸಿದರೂ ಮರುಕ್ಷಣ ಚಿನ್ನ ವಾಪಸು ಕಿತ್ತುಕೊಳ್ಳುತ್ತದೆ. ಸೈನೈಡ್ ಪಕ್ಕದಲ್ಲಿದ್ದಾಗ ಕಥೆ ಬೇರೆ. ಎಲೆಕ್ಟ್ರಾನು ಆಚೆ ಹೋದ ಗಳಿಗೆಯಲ್ಲೇ, ಅದನ್ನು ಕಳೆದುಕೊಂಡ ಚಿನ್ನದ ಅಯಾನನ್ನು ಎರಡು ಸೈನೈಡುಗಳು ಎಡಕ್ಕೊಂದು ಬಲಕ್ಕೊಂದು ನಿಂತು ತೋಳು ಹಿಡಿದುಬಿಡುತ್ತವೆ. ಕಾರ್ಬನ್ ಚಿನ್ನದ ಕಡೆಗೆ, ನೈಟ್ರೋಜನ್ ಹೊರಗಡೆಗೆ. ಚಿನ್ನ ನಡುವೆ, ಒಂದೇ ಸಾಲಿನಲ್ಲಿ. ಪೊಲೀಸರು ಆರೋಪಿಯನ್ನು ಕೋರ್ಟಿಗೆ ಕರೆದೊಯ್ಯುವ ಹಾಗೆ. ಇದಕ್ಕೆ ಸಂಕೀರ್ಣ ಸಂಯುಕ್ತ ಎಂದು ಹೆಸರು. ನೀರಿನಲ್ಲಿ ಸರಾಗ ಕರಗುತ್ತದೆ, ಬಣ್ಣವಿಲ್ಲ, ಹೊಳಪಿಲ್ಲ.

ಅಂಕಿಯಲ್ಲಿ ಹೇಳಿದರೆ ಇನ್ನೂ ಸೋಜಿಗ. ಬರೀ ನೀರಿನಲ್ಲಿ ಚಿನ್ನದಿಂದ ಒಂದು ಎಲೆಕ್ಟ್ರಾನ್ ಕೀಳುವುದಕ್ಕಿರುವ ತಡೆ ಸುಮಾರು 1.7 ವೋಲ್ಟ್. ಆಮ್ಲಜನಕದ ತಾಕತ್ತು ಎಷ್ಟು ಹಿಗ್ಗಿಸಿದರೂ 1.23 ದಾಟುವುದಿಲ್ಲ. ಸೈನೈಡು ಜೊತೆಗಿದ್ದರೆ ಚಿನ್ನದ ತಡೆ ಸೊನ್ನೆಗಿಂತಲೂ ಕೆಳಗೆ, ಸುಮಾರು ಮೈನಸ್ 0.6ಕ್ಕೆ ಇಳಿಯುತ್ತದೆ. ಅಂದರೆ ಸೈನೈಡಿನ ಸಹವಾಸದಲ್ಲಿ ಚಿನ್ನವೂ ಕಬ್ಬಿಣದ ಹಾಗೆ ತುಕ್ಕು ಹಿಡಿಯುವ ಸಾಮಾನ್ಯ ಲೋಹ. ಅದಕ್ಕೇ ತೊಟ್ಟಿಗಳಿಗೆ ಗಾಳಿ ಊದುತ್ತಾರೆ. ಗಾಳಿ ನಿಂತರೆ ಎಷ್ಟು ಸೈನೈಡ್ ಸುರಿದರೂ ಚಿನ್ನ ಕದಲುವುದಿಲ್ಲ. ಎಗರಿಸುವವನೇ ಇಲ್ಲದ ಮೇಲೆ ದಾಟಿಸಿಕೊಳ್ಳುವವನಿಗೆ ಏನು ಕೆಲಸ?

ಇನ್ನೊಂದು ಮುಖ್ಯ ಪಾತ್ರಧಾರಿಯನ್ನು ಮರೆಯುವಂತಿಲ್ಲ: ಸುಣ್ಣ. ನಾವು ವೀಳ್ಯದೆಲೆಗೆ ಹಚ್ಚುವ ಜಾತಿಯದೇ. ನೀರಿನ ಕ್ಷಾರತೆ ಪಿಎಚ್ 10ರ ಮೇಲೆ ನಿಲ್ಲುವಷ್ಟು ಸುಣ್ಣ ಹಾಕದಿದ್ದರೆ ಸೈನೈಡು ನೀರಿನಿಂದ ಜಲಜನಕವನ್ನು ಹಿಡಿದುಕೊಂಡು ಅನಿಲವಾಗಿ ಮೇಲೇಳುತ್ತದೆ. ಅದನ್ನು ಉಸಿರಾಡಿದವರು ಉಳಿಯುವುದು ಕಷ್ಟ. ಮೈಯೊಳಗೆ ನಡೆಯುವುದೂ ಇಂಥದೇ ಲೋಹದ ಆಟ. ನಮ್ಮ ಜೀವಕೋಶಗಳಲ್ಲಿ ಆಮ್ಲಜನಕವನ್ನು ಬಳಸಿಕೊಳ್ಳುವ ಕಿಣ್ವದ ನಡುವೆ ಒಂದು ಕಬ್ಬಿಣದ ಪರಮಾಣು ಕುಳಿತಿದೆ. ಸೈನೈಡು ಹೋಗಿ ಅದರ ತೋಳು ಹಿಡಿಯುತ್ತದೆ. ಚಿನ್ನವನ್ನು ಬಿಡಿಸುವ ಹಿಡಿತವೇ ಉಸಿರನ್ನು ಕಟ್ಟುವ ಹಿಡಿತ.

ಕರಗಿದ ಚಿನ್ನವನ್ನು ಮರಳಿ ಪಡೆಯಲು ಹಿಂದೆ ಸತುವಿನ ಚೂರು ಹಾಕುತ್ತಿದ್ದರು. ಸತು ತಾನು ಸೈನೈಡಿನ ತೆಕ್ಕೆಗೆ ಹೋಗಿ ಚಿನ್ನವನ್ನು ಹೊರದಬ್ಬುತ್ತದೆ, ಚಿನ್ನ ಕರಿಪುಡಿಯಾಗಿ ಇಳಿಯುತ್ತದೆ. ಇಂದಿನ ದೊಡ್ಡ ಗಣಿಗಳಲ್ಲಿ ಆ ಕೆಲಸ ಮಾಡುವುದು ತೆಂಗಿನ ಚಿಪ್ಪಿನ ಇದ್ದಿಲು. ಗಟ್ಟಿ, ಸವೆಯುವುದಿಲ್ಲ, ಒಳಗೆ ಎಣಿಸಲಾರದಷ್ಟು ಸೂಕ್ಷ್ಮ ರಂಧ್ರಗಳು. ಕೆಸರಿನಂಥ ಅದಿರಿನೊಳಗೇ ಇದ್ದಿಲ ಹರಳು ಬಿಟ್ಟು ಕಲಕಿದರೆ ಚಿನ್ನದ ಸಂಕೀರ್ಣ ಹೋಗಿ ಅದಕ್ಕೆ ಅಂಟುತ್ತದೆ. ಎಷ್ಟು ವರ್ಷದ ಸಂಶೋಧನೆಯ ಕೊನೆಗೂ ತೆಂಗಿನ ಚಿಪ್ಪನ್ನು ಮೀರಿಸುವ ಅಗ್ಗದ ವಸ್ತು ಸಿಕ್ಕಿಲ್ಲ ಎಂಬುದು, ತಿಪಟೂರಿನ ಕಡೆಯವನಾದ ನನಗೆ, ಕೊಂಚ ಹೆಮ್ಮೆಯ ವಿಷಯ.

ಕೋಲಾರದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಆಗ ಅದರ ಆಳ ಮೂರು ಕಿಲೋಮೀಟರ್ ದಾಟಿತ್ತು. 120 ವರ್ಷಗಳಲ್ಲಿ ಅದು ಕೊಟ್ಟ ಚಿನ್ನ ಸುಮಾರು 800 ಟನ್, ಇಂದಿನ ಭಾರತಕ್ಕೆ ಹೆಚ್ಚುಕಡಿಮೆ ಒಂದು ವರ್ಷದ ಖರೀದಿ. ಈಗ ಉಳಿದಿರುವ ಹಟ್ಟಿ ವರ್ಷವಿಡೀ ದುಡಿದು ತೆಗೆಯುವ ಒಂದೂವರೆ ಟನ್ನಿನ ಆಸುಪಾಸು ಚಿನ್ನ ನಮ್ಮ ದೇಶದ ಒಂದು ದಿನದ ಖರೀದಿಗೂ ಸಾಲದು. ಕೋಲಾರದ ಗಣಿಯೂರು ಕೆಜಿಎಫ್‌ನಲ್ಲಿ ಉಳಿದಿರುವುದು ದಿಬ್ಬಗಳು. ಮೂರು ಕೋಟಿ ಟನ್ನಿಗೂ ಹೆಚ್ಚು ನುಣ್ಣನೆಯ ಬೂದುಬಣ್ಣದ ಪುಡಿ, ಮಳೆಗೆ ಸೀಳಿಕೊಂಡ ಕೊರಕಲುಗಳು, ನೆತ್ತಿಯ ಮೇಲೆ ಮೇಜಿನಂತೆ ಸಪಾಟು. 2018ರಲ್ಲಿ ಅದೇ ಹೆಸರಿನ ಸಿನಿಮಾ ಬಂದ ಮೇಲೆ ಅಲ್ಲಿಗೆ ಸೆಲ್ಫಿಗೆಂದು ಹೋಗುವವರೂ ಇದ್ದಾರೆ. ಊರವರ ಬಾಯಲ್ಲಿ ಅದು ಸೈನೈಡ್ ದಿಬ್ಬ. ನಿಜ ಹೇಳಬೇಕೆಂದರೆ ಸೈನೈಡಿನ ಬಹುಭಾಗ ಬಿಸಿಲು ಗಾಳಿಗೆ ಎಂದೋ ಒಡೆದು ಹೋಗಿದೆ, ಹೆಸರು ಉಳಿದಿದೆ. ಊರನ್ನು ಕಾಡುತ್ತಿರುವುದು ಬೇಸಿಗೆಯ ಗಾಳಿಗೆ ಎದ್ದು ಅಡುಗೆಮನೆಯ ತನಕ ಬರುವ ಬೆಣಚುಕಲ್ಲಿನ ದೂಳು. ಆ ದೂಳಿನಲ್ಲೂ ಟನ್ನಿಗೊಂದಿಷ್ಟು ಚಿನ್ನ ಇದೆ ಎಂಬ ಲೆಕ್ಕ ಹಿಡಿದು ದಿಬ್ಬಗಳನ್ನು ಮತ್ತೆ ತೊಳೆಯುವ ಮಾತು ಆಗಾಗ ಏಳುತ್ತದೆ. ಬೇಡವೆನ್ನಲಾರೆ. ಆದರೆ ತೊಳೆದ ಮೇಲೆ ಆ ಪುಡಿಯನ್ನು ಎಲ್ಲಿಡುತ್ತೀರಿ ಎಂದು ಮೊದಲು ಕೇಳಬೇಕಾದವರು ಆ ಊರಿನವರು.

ಸೈನೈಡ್ ನೀರು ಹರಿದರೆ ಏನಾಗುತ್ತದೆ ಎಂಬುದನ್ನು ರುಮೇನಿಯಾ ತೋರಿಸಿದೆ. 2000ದ ಜನವರಿ 30ರ ರಾತ್ರಿ ಬಾಯಾ ಮಾರೆ ಎಂಬಲ್ಲಿ ಗಣಿಯ ಕಟ್ಟೆಯೊಡೆದು ಸುಮಾರು ಒಂದು ಲಕ್ಷ ಘನ ಮೀಟರ್ ಕೊಳೆನೀರು ಹೊರಬಿತ್ತು. ಅದು ಹಂಗೆರಿಯ ತೀಸಾ ನದಿ ಸೇರಿ ಡ್ಯಾನ್ಯೂಬಿನವರೆಗೆ ಮೀನುಗಳನ್ನು ಕೊಲ್ಲುತ್ತ ಸಾಗಿತು. ಅಂದಿನಿಂದ ಬೇರೆ ಸಂಗಾತಿಯ ಹುಡುಕಾಟ ಜೋರಾಗಿದೆ. ಅಮೆರಿಕದ ನೆವಾಡಾದ ಒಂದು ದೊಡ್ಡ ಗಣಿ 2014ರಲ್ಲಿ ಒಂದು ಬಗೆಯ ಅದಿರಿಗೆ ಥಯೋಸಲ್ಫೇಟನ್ನು ಬಳಸಲು ತೊಡಗಿತು. ಹಳೆಯ ಫೋಟೊ ಸ್ಟುಡಿಯೊಗಳ ಕತ್ತಲೆ ಕೋಣೆಯಲ್ಲಿ 'ಹೈಪೊ' ಎಂಬ ಬಿಳಿ ಹರಳು ಇರುತ್ತಿತ್ತಲ್ಲ, ಅದರ ಬಳಗ. 2013ರಲ್ಲಿ ರಸಾಯನತಜ್ಞ ಫ್ರೇಸರ್ ಸ್ಟಾಡರ್ಟ್ ಅವರ ಪ್ರಯೋಗಾಲಯದಲ್ಲಿ ಬೇರೇನನ್ನೋ ಕಟ್ಟಲು ಹೊರಟವರಿಗೆ, ಪಿಷ್ಟದಿಂದ ತಯಾರಾಗುವ ಸೈಕ್ಲೊಡೆಕ್ಸ್‌ಟ್ರಿನ್ ಎಂಬ ಬಳೆಯಾಕಾರದ ಸಕ್ಕರೆಯು ಬ್ರೋಮಿನ್ ಜೊತೆಗಿನ ಚಿನ್ನವನ್ನು ದ್ರಾವಣದಿಂದ ಸೂಜಿಗಳಂತೆ ಇಳಿಸುವುದು ಕಂಡಿತು. ಮೆಕ್ಕೆಜೋಳದ ಹಿಟ್ಟಿನ ನಂಟು ಚಿನ್ನಕ್ಕೆ! ಆದರೂ ಜಗತ್ತಿನ ಬಹುತೇಕ ಗಣಿಗಳು ಇನ್ನೂ ಸೈನೈಡನ್ನೇ ನೆಚ್ಚಿಕೊಂಡಿವೆ. ಅಷ್ಟು ಅಗ್ಗದ, ಅಷ್ಟು ಬಿಗಿಯಾಗಿ ಚಿನ್ನವನ್ನೇ ಆರಿಸಿ ಹಿಡಿಯುವ ಇನ್ನೊಂದು ಸಿಕ್ಕಿಲ್ಲ.

ಒಂಟಿ ಕಳ್ಳ, ಜೋಡಿ ಕಳ್ಳರ ತರ್ಕವೇ ಅಕ್ವಾ ರೀಜಿಯಾ ಎಂಬ ಆಮ್ಲಮಿಶ್ರಣದಲ್ಲೂ ಇರುವುದು. ನೈಟ್ರಿಕ್ ಆಸಿಡ್ ಒಂದಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಮೂರು. ಚಿನ್ನದ ಪೇಟೆಯಲ್ಲಿ ತೇಜಾಬ್ ಎನ್ನುವ ನೈಟ್ರಿಕ್ ಒಂದೇ ಬಂದರೆ ಬೆಳ್ಳಿ, ತಾಮ್ರ ಕರಗುತ್ತವೆ, ಚಿನ್ನ ಉಳಿಯುತ್ತದೆ. ಒರೆಗಲ್ಲಿನ ಮೇಲೆ ಗೆರೆ ಎಳೆದು ಹನಿ ಬಿಟ್ಟು ನೋಡುವ ಪರೀಕ್ಷೆ ನಿಂತಿರುವುದು ಇದರ ಮೇಲೆ. ಹೈಡ್ರೋಕ್ಲೋರಿಕ್ ಒಂದೇ ಬಂದರೂ ಚಿನ್ನಕ್ಕೆ ಏನೂ ಆಗದು. ಎರಡೂ ಕೂಡಿದರೆ ಒಂದು ಎಗರಿಸುತ್ತದೆ, ಇನ್ನೊಂದರ ಕ್ಲೋರೈಡುಗಳು ನಾಲ್ಕು ಮೂಲೆಗಳಲ್ಲಿ ನಿಂತು ಚಿನ್ನವನ್ನು ಸುತ್ತುಗಟ್ಟುತ್ತವೆ. 1940ರ ಏಪ್ರಿಲ್‌ನಲ್ಲಿ ನಾಜಿ ಸೈನ್ಯ ಕೋಪನ್‌ಹೇಗನ್‌ನೊಳಗೆ ಬಂದಾಗ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಮ್ಯಾಕ್ಸ್ ಫಾನ್ ಲಾವೆ ಮತ್ತು ಜೇಮ್ಸ್ ಫ್ರಾಂಕ್ ಎಂಬ ಜರ್ಮನ್ ವಿಜ್ಞಾನಿಗಳ ನೊಬೆಲ್ ಪದಕಗಳಿದ್ದವು. ಜರ್ಮನಿಯಿಂದ ಚಿನ್ನ ಹೊರಗೆ ಕಳಿಸುವುದು ಆಗ ಘೋರ ಅಪರಾಧ. ಪದಕಗಳ ಮೇಲೆ ಹೆಸರು ಬೇರೆ. ಹೆವೆಸಿ ಎಂಬ ಹಂಗೆರಿಯ ರಸಾಯನತಜ್ಞ ಇಡೀ ಮಧ್ಯಾಹ್ನ ಕುಳಿತು ಅವೆರಡನ್ನೂ ಅಕ್ವಾ ರೀಜಿಯಾದಲ್ಲಿ ಕರಗಿಸಿ ಜಾಡಿಯನ್ನು ಕಪಾಟಿನ ಮೇಲಿಟ್ಟ. ಸೈನಿಕರು ಬಂದರು, ತಡಕಿದರು, ಕಿತ್ತಳೆ ಬಣ್ಣದ ನೀರಿನ ಜಾಡಿಯನ್ನು ಯಾರೂ ಮೂಸಲಿಲ್ಲ. ಯುದ್ಧ ಮುಗಿದ ಮೇಲೆ ಚಿನ್ನವನ್ನು ಮರಳಿ ಇಳಿಸಿ ಸ್ಟಾಕ್‌ಹೋಮ್‌ಗೆ ಕಳಿಸಿದರು, ನೊಬೆಲ್ ಪ್ರತಿಷ್ಠಾನ ಅದರಿಂದಲೇ ಹೊಸ ಪದಕಗಳನ್ನು ಎರಕ ಹೊಯ್ಯಿಸಿತು.

ಅಷ್ಟಕ್ಕೂ ಚಿನ್ನಕ್ಕೆ ಎಲೆಕ್ಟ್ರಾನಿನ ಮೇಲೆ ಈ ಪರಿಯ ಜಿಪುಣತನ ಏಕೆ? ಅದೇ ಮನೆತನದ ಬೆಳ್ಳಿಗೆ, ತಾಮ್ರಕ್ಕೆ ಇಲ್ಲದ್ದು? ಉತ್ತರ ಸಿಕ್ಕಿದ್ದು ಐನ್‌ಸ್ಟೈನ್ ಬಾಗಿಲಲ್ಲಿ. ಚಿನ್ನದ ಪರಮಾಣುಬೀಜದಲ್ಲಿ 79 ಪ್ರೋಟಾನುಗಳು. ಅದರ ಸೆಳೆತಕ್ಕೆ ಸಿಕ್ಕ ಅತ್ಯಂತ ಒಳಗಿನ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗದ ಸುಮಾರು ಶೇ 58. ಅಷ್ಟು ವೇಗಕ್ಕೆ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಎಲೆಕ್ಟ್ರಾನು ಐದನೇ ಒಂದು ಪಾಲಿಗಿಂತಲೂ ಹೆಚ್ಚು ಭಾರವಾಗುತ್ತದೆ, ಅದರ ಕಕ್ಷೆ ಕುಗ್ಗುತ್ತದೆ. ಒಳಗಿನದು ಕುಗ್ಗಿದರೆ ಅದೇ ಜಾತಿಯ ಹೊರಗಿನ ಕಕ್ಷೆಯೂ ಒಳಸರಿಯುತ್ತದೆ. ಚಿನ್ನದ ಕೊನೆಯ ಎಲೆಕ್ಟ್ರಾನು ಇರಬೇಕಾದ್ದಕ್ಕಿಂತ ಬೀಜಕ್ಕೆ ಹತ್ತಿರ, ಹೀಗಾಗಿ ಬಿಗಿ. ಜೊತೆಗೆ ಇನ್ನೊಂದು ಜಾತಿಯ ಕಕ್ಷೆಗಳು ತುಸು ಹೊರಗೆ ಸರಿದು ಇವೆರಡರ ನಡುವಿನ ಅಂತರ ಕಿರಿದಾಗುತ್ತದೆ. ಬೆಳ್ಳಿಯಲ್ಲಿ ಆ ಅಂತರ ದಾಟಲು ಕಣ್ಣಿಗೆ ಕಾಣದ ನೇರಳಾತೀತ ಕಿರಣ ಬೇಕು, ಅದಕ್ಕೇ ಬೆಳ್ಳಿ ಎಲ್ಲ ಬಣ್ಣವನ್ನೂ ಮರಳಿಸಿ ಬೆಳ್ಳಗಿದೆ. ಚಿನ್ನದಲ್ಲಿ ನೀಲಿ ಬೆಳಕೇ ಸಾಕು. ನೀಲಿಯನ್ನು ನುಂಗಿ ಮಿಕ್ಕಿದ್ದನ್ನು ಹಿಂದಿರುಗಿಸಿದಾಗ ನಮ್ಮ ಕಣ್ಣಿಗೆ ಹಳದಿ. ಸಾಪೇಕ್ಷತೆ ಇಲ್ಲದ ಜಗತ್ತಿನಲ್ಲಿ ಧಾರೆಯ ದಿನ ಮದುಮಗಳು ತೊಡುತ್ತಿದ್ದುದು ಬೆಳ್ಳಗಿನ ಚಿನ್ನ. ಪಕ್ಕದ ಮನೆಯ, 80ನೇ ನಂಬರಿನ ಪಾದರಸ ನೀರಿನಂತೆ ಹರಿಯುವುದಕ್ಕೂ ದೊಡ್ಡ ಕಾರಣ ಇದೇ. ರಸಾಯನಶಾಸ್ತ್ರಕ್ಕೆ ಸಾಪೇಕ್ಷತೆಯ ಲೆಕ್ಕ ಬೇಕಾಗಲಾರದು ಎಂದು 1929ರಲ್ಲಿ ಪಾಲ್ ಡಿರಾಕ್ ಅಂಥವರೇ ಬರೆದಿದ್ದರು. ಅದು ತಪ್ಪೆಂದು ಎತ್ತಿ ತೋರಿಸಲು ಫಿನ್ಲೆಂಡಿನ ಪೆಕ್ಕಾ ಪ್ಯುಕ್ಕೊ ಮೊದಲಾದವರು 1970ರ ದಶಕದಲ್ಲಿ ಕೂತು ಲೆಕ್ಕ ಹಾಕಬೇಕಾಯಿತು.

ಎಲೆಕ್ಟ್ರಾನ್ ಬಿಡದಿರುವ ಜಿಪುಣನಿಗೆ ಇನ್ನೊಬ್ಬರದು ಸಿಕ್ಕರೆ ಬೇಡವೇ? ಸೀಸಿಯಂ ಎಂಬ ಲೋಹ ಉದಾರಿ, ಕೇಳಿದವರಿಗೆಲ್ಲ ಎಲೆಕ್ಟ್ರಾನ್ ಕೊಡುತ್ತದೆ. ಅದನ್ನು ಚಿನ್ನದ ಜೊತೆ ಕಾಯಿಸಿದರೆ ಆಗುವುದು ಮಿಶ್ರಲೋಹವಲ್ಲ, ಉಪ್ಪು. ಅಡುಗೆ ಉಪ್ಪಿನಲ್ಲಿ ಕ್ಲೋರಿನ್ ವಹಿಸುವ ಪಾತ್ರವನ್ನು ಅಲ್ಲಿ ಚಿನ್ನ ವಹಿಸುತ್ತದೆ, ಋಣ ಅಯಾನಾಗಿ. ಎರಡು ಲೋಹ ಸೇರಿಯೂ ಲೋಹದ ಹೊಳಪಿಲ್ಲದ, ಬೆಳಕು ಹಾಯುವ ಹರಳು. 2000ದಲ್ಲಿ ಬರ್ಲಿನ್‌ನಲ್ಲಿ ಸೈಡೆಲ್ ಮತ್ತು ಸೆಪೆಲ್ಟ್ ಇನ್ನೂ ವಿಚಿತ್ರವಾದದ್ದನ್ನು ಕಂಡರು. ಚಿನ್ನದ ಫ್ಲೋರೈಡ್ ಮಾಡಲು ಹೋಗಿ, ತೀವ್ರ ಆಮ್ಲದಲ್ಲಿ ಕ್ಸೆನಾನ್ ಅನಿಲ ಹಾಯಿಸಿದಾಗ ಕಡುಗೆಂಪು ಹರಳುಗಳು ಮೂಡಿದವು. ಪರೀಕ್ಷಿಸಿದರೆ ಒಂದು ಚಿನ್ನದ ಸುತ್ತ ನಾಲ್ಕು ಕ್ಸೆನಾನ್. ಯಾರೊಂದಿಗೂ ಸೇರದ ಲೋಹ ಎನಿಸಿಕೊಂಡದ್ದಕ್ಕೆ ಯಾರೊಂದಿಗೂ ಸೇರದ ಅನಿಲ ಎನಿಸಿಕೊಂಡದ್ದು ಗಂಟುಬಿದ್ದಿತ್ತು. ಇಬ್ಬರು ಮೌನಿಗಳಿಗೆ ಮದುವೆಯಾದ ಹಾಗೆ. ಸಂಸಾರ ತಂಪಿನಲ್ಲಿ ಮಾತ್ರ, ಮೈನಸ್ 40 ಡಿಗ್ರಿ ದಾಟಿದರೆ ಮುರಿದು ಬೀಳುತ್ತದೆ.

ಇವೆಲ್ಲ ಪ್ರಯೋಗಾಲಯದ ಚೋದ್ಯಗಳಾಯಿತು. ಚಿನ್ನ ಬೀದಿಗಿಳಿದು ಕೆಲಸಕ್ಕೆ ನಿಂತದ್ದು ಅದನ್ನು ಸಣ್ಣದು ಮಾಡಿದ ಮೇಲೆ. 1857ರಲ್ಲಿ ಮೈಕೆಲ್ ಫ್ಯಾರಡೆ ಚಿನ್ನದ ಲವಣಕ್ಕೆ ರಂಜಕ ಸೇರಿಸಿ ಮಾಣಿಕ್ಯದಂಥ ಕೆಂಪು ನೀರು ತಯಾರಿಸಿದ. ಅದರಲ್ಲಿ ಇರುವುದು ಅಪ್ಪಟ ಚಿನ್ನವೇ, ಆದರೆ ಕಾಣದಷ್ಟು ಸಣ್ಣ ಕಣಗಳಲ್ಲಿ ಎಂದು ಸರಿಯಾಗಿಯೇ ಊಹಿಸಿದ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವನ ಸೀಸೆಗಳು ಇಂದಿಗೂ ಕೆಂಪಾಗಿವೆ. ಇಪ್ಪತ್ತು, ನಲವತ್ತು ನ್ಯಾನೊಮೀಟರಿನ ಕಣದಲ್ಲಿ ಎಲೆಕ್ಟ್ರಾನುಗಳು ಕೊಳದ ನೀರಿನಂತೆ ಒಟ್ಟಾಗಿ ಅತ್ತಿತ್ತ ತೂಗುತ್ತವೆ. ಆ ತೂಗಾಟದ ಲಯ ಹಸಿರು ಬೆಳಕಿಗೆ ಹೊಂದುವುದರಿಂದ ಹಸಿರು ಹೀರಿಹೋಗಿ ಕೆಂಪು ಉಳಿಯುತ್ತದೆ. ಕಣಗಳು ಒಂದಕ್ಕೊಂದು ಅಂಟಿದರೆ ಲಯ ತಪ್ಪಿ ನೇರಳೆ, ನೀಲಿ. ಚಿನ್ನದ ಬಣ್ಣ ಯಾವುದು ಎಂದು ಕೇಳಿದರೆ ಎಷ್ಟು ದಪ್ಪದ ಚಿನ್ನ ಎಂದು ತಿರುಗಿ ಕೇಳಬೇಕು.

ಕಣ ಇನ್ನೂ ಸಣ್ಣದಾಗಿ ಐದು ನ್ಯಾನೊಮೀಟರಿಗಿಂತ ಕೆಳಗಿಳಿದರೆ ಸ್ವಭಾವವೇ ಬೇರೆ. 1980ರ ದಶಕದಲ್ಲಿ ಜಪಾನಿನ ಮಸತಾಕೆ ಹರುತಾ ಇಂಥ ಕಣಗಳನ್ನು ಕಬ್ಬಿಣದ ಆಕ್ಸೈಡಿನ ಮೇಲೆ ಕೂರಿಸಿ, ಮೈನಸ್ 70 ಡಿಗ್ರಿಯ ಚಳಿಯಲ್ಲೂ ವಿಷಕಾರಿ ಕಾರ್ಬನ್ ಮೊನಾಕ್ಸೈಡನ್ನು ಅವು ಸುಡುತ್ತವೆ ಎಂದು ತೋರಿಸಿದಾಗ ಹಲವರು ನಂಬಲಿಲ್ಲ. ಕಾರಣ, ಚಿಕ್ಕ ಕಣದಲ್ಲಿ ಅಂಚಿನ ಪರಮಾಣುಗಳೇ ಜಾಸ್ತಿ. ಅಂಚಿನವರಿಗೆ ನೆರೆಹೊರೆ ಕಮ್ಮಿ, ಕೈ ಖಾಲಿ. ಈ ಆವಿಷ್ಕಾರದ ಮೊದಲ ಮಾರುಕಟ್ಟೆಗಳಲ್ಲಿ ಒಂದು ಯಾವುದು ಗೊತ್ತೇ? ಜಪಾನಿನ ಶೌಚಾಲಯಗಳ ದುರ್ವಾಸನೆ ನಿವಾರಣೆ. ಚಿನ್ನಕ್ಕೆ ಕೆಲಸದಲ್ಲಿ ಮೇಲುಕೀಳಿಲ್ಲ.

ಗೆಳೆಯನ ಉಂಗುರದ ಸೇಡು ತೀರಿಸಿದ್ದು ವೇಲ್ಸ್ ದೇಶದ ಕಾರ್ಡಿಫ್‌ನ ಗ್ರಹಾಂ ಹಚಿಂಗ್ಸ್ ಎನ್ನಬೇಕು. ಹೊಲಕ್ಕೆ ಎಳೆಯುವ ಪಿವಿಸಿ ಪೈಪಿನ ಕಚ್ಚಾವಸ್ತುವನ್ನು ಚೀನಾದಲ್ಲಿ ಹೆಚ್ಚಾಗಿ ತಯಾರಿಸುವುದು ಅಸಿಟಿಲೀನ್‌ನಿಂದ. ಅದಕ್ಕೆ ಕ್ರಿಯಾವರ್ಧಕವಾಗಿ ಬೇಕಾಗುತ್ತಿದ್ದುದು ಪಾದರಸದ ಕ್ಲೋರೈಡ್. ಅದಕ್ಕಿಂತ ಚಿನ್ನ ಚೆನ್ನಾಗಿ ದುಡಿಯಬಲ್ಲದು ಎಂದು ಹಚಿಂಗ್ಸ್ 1985ರಲ್ಲೇ ಹೇಳಿದ್ದರು. ಮಿನಮಾಟಾ ಎಂಬ ಅಂತರರಾಷ್ಟ್ರೀಯ ಒಪ್ಪಂದ ಪಾದರಸಕ್ಕೆ ಕಡಿವಾಣ ಹಾಕಿದ ಮೇಲೆ ಉದ್ಯಮ ಅವರ ಮಾತಿಗೆ ಕಿವಿಗೊಟ್ಟಿತು. ಇದ್ದಿಲಿನ ಮೇಲೆ ಒಂಟೊಂಟಿಯಾಗಿ ಹರಡಿದ ಚಿನ್ನದ ಅಯಾನುಗಳು ಪಾದರಸವನ್ನು ಅದರ ಹಳೆಯ ನೌಕರಿಯಿಂದ ಬಿಡಿಸುತ್ತಿವೆ.

ಕೊರೊನಾ ಕಾಲದಲ್ಲಿ ಮೂಗಿನೊಳಗೆ ಕಡ್ಡಿ ತಿರುಗಿಸಿ, ಪಟ್ಟಿಯ ಮೇಲೆ ಮೂರು ಹನಿ ಬಿಟ್ಟು, ಹದಿನೈದು ನಿಮಿಷ ಉಸಿರು ಬಿಗಿಹಿಡಿದು ಕಾದದ್ದು ನೆನಪಿದೆಯೇ? ಹಲವು ಕಿಟ್‌ಗಳಲ್ಲಿ ಮೂಡುತ್ತಿದ್ದ ಆ ಕೆಂಪು ಗೆರೆ ಚಿನ್ನದ್ದು. ಫ್ಯಾರಡೆಯ ಸೀಸೆಯಲ್ಲಿದ್ದ ಅದೇ ಕೆಂಪು. ಪಟ್ಟಿಯ ಬುಡದಲ್ಲಿ ಒಣಗಿಸಿಟ್ಟ ನ್ಯಾನೊ ಕಣಗಳಿಗೆ ವೈರಸ್ಸನ್ನು ಗುರುತು ಹಿಡಿಯುವ ಪ್ರೋಟೀನು ಅಂಟಿಸಿರುತ್ತಾರೆ. ಹನಿ ಬಿದ್ದಾಗ ಕಣಗಳು ಕಾಗದದಗುಂಟ ತೇಲುತ್ತ ಸಾಗಿ, ವೈರಸ್ಸನ್ನು ಹೊತ್ತವು ಟಿ ಗೆರೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಒಂದು ಕಣ ಕಾಣದು, ಕೋಟಿಗಟ್ಟಲೆ ಕೂಡಿದರೆ ಗೆರೆ. ಬಸುರಿನ ಪರೀಕ್ಷೆಯ ಎಷ್ಟೋ ಪಟ್ಟಿಗಳದ್ದೂ ಇದೇ ಕಥೆ.

ನಮ್ಮ ಮನೆಯಲ್ಲೂ ಒಂದು ರಾತ್ರಿ ಎರಡು ಗೆರೆ ಮೂಡಿದವು. ಬೆಳಿಗ್ಗೆ ಆ ಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎರಡು ಗಂಟು ಹಾಕಿ ಗೇಟಿನಾಚೆ ಇಟ್ಟೆ. ಮಾಸ್ಕು ಹಾಕಿಕೊಂಡು ಬಂದ ಪೌರಕಾರ್ಮಿಕರು ಅದನ್ನು ಕೋಲಿನಿಂದೆತ್ತಿ ಗಾಡಿಗೆ ಹಾಕಿಕೊಂಡು ಹೋದರು. ಅದರಲ್ಲಿದ್ದ ಚಿನ್ನ ಮೈಕ್ರೊಗ್ರಾಂ ಲೆಕ್ಕದ್ದು, ಯಾವ ಜಲಗಾರನ ಬುಟ್ಟಿಯಲ್ಲೂ ತಳಕ್ಕಿಳಿಯುವಂಥದ್ದಲ್ಲ.